ತವರೂರು ಬರೆಯದ ಕೇಸ್ ಶೀಟು

ಆ ಕೇಸ್ ಶೀಟಿನಲ್ಲಿ ವಿಳಾಸ ಬರೆದವಳು ನಾನೇ. ಶಿಗ್ಲಿ, ತಾಲೂಕು ಶಿರಹಟ್ಟಿ. ಜಿಲ್ಲೆ ಎಂಬಲ್ಲಿ ‘ಧಾರವಾಡ’ ಎಂದು ಅಚ್ಚಾಗಿದ್ದನ್ನು ಹೊಡೆದು ‘ಗದಗ’ ಎಂದು ತಿದ್ದಿದೆ. ಗದಗ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದರೂ ನಮ್ಮ ಆಸ್ಪತ್ರೆಯ ಹಳೆಯ ಹಾಳೆಗಳ ಕಟ್ಟು ಇನ್ನೂ ಮುಗಿದಿರಲಿಲ್ಲ. ದಿನಕ್ಕೆ ಹತ್ತಾರು ಸಲ ಹೊಡೆದು ಬರೆಯುವುದು, ಅದರಲ್ಲೊಂದು ಸಣ್ಣ ಜಂಬ ಬೇರೆ. ಜಿಲ್ಲೆಯ ಹೆಸರು ತಪ್ಪಬಾರದೆಂದು ಅಷ್ಟು ಜಾಗ್ರತೆ ಮಾಡಿದ ನಾನು ಆ ಹೆಂಗಸು ಮುಂದಿನ ಐದಾರು ತಿಂಗಳು ಯಾವ ಊರಿನಲ್ಲಿ ಇರುತ್ತಾಳೆ ಎಂದು ಕೇಳಲಿಲ್ಲ. ಕೇಳಿದ್ದರೆ ಒಂದು ವಾರ ಉಳಿಯುತ್ತಿತ್ತು. ಆಕೆಯ ರೋಗದಲ್ಲಿ ಒಂದು ವಾರ ಸಣ್ಣದಲ್ಲ.

ಗದಗಿನಲ್ಲಿ ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿ ನಡೆಸುತ್ತಿದ್ದ, ಹದಿನೈದು ಹಾಸಿಗೆಯ ಆಸ್ಪತ್ರೆ ನಮ್ಮದು. ಸರ್ ಆಪರೇಷನ್ ಮಾಡುವವರು, ಮೇಡಂ ಹೆರಿಗೆ ಡಾಕ್ಟರು. ನಾನು ಹಿರಿಯ ಸಿಸ್ಟರ್. ಅದಕ್ಕೂ ಮುಂಚೆ ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ರೋಗಿಗಳ ವಾರ್ಡಿನಲ್ಲಿ ದುಡಿದಿದ್ದೆ. ಮನೆ ಬೆಟಗೇರಿಯಲ್ಲಿತ್ತೆಂದು ವಾಪಸ್ ಬಂದವಳು. ನನ್ನ ನಾಲಿಗೆ ಸ್ವಲ್ಪ ಜೋರು. ಡಾಕ್ಟರಿಗೂ ಹೇಳುವುದನ್ನು ಮುಖದ ಮೇಲೆ ಹೇಳಿಬಿಡುತ್ತಿದ್ದೆ, ಅವರೂ ಸಹಿಸಿಕೊಂಡಿದ್ದರು.

ಬಸುರಿಯರು ಮೊದಲ ಸಲ ಬಂದಾಗ ಮೊಲೆತೊಟ್ಟು ನೋಡುವುದು ನನ್ನ ಕೆಲಸವಾಗಿತ್ತು. ತೊಟ್ಟು ಒಳಗೆ ಹೋಗಿದ್ದರೆ ಕೂಸಿಗೆ ಹಾಲು ಹಿಡಿಯುವುದು ಕಷ್ಟ, ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು. ಶಿಗ್ಲಿಯ ಈ ಹೆಂಗಸಿಗೆ ಆಗ ನಾಲ್ಕು ತಿಂಗಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಗರ್ಭ. ಎಡಗಡೆಯ ತೊಟ್ಟು ಒಳಗೆ ಸೇದಿಕೊಂಡಿತ್ತು. ಮೊದಲಿನಿಂದಲೂ ಹೀಗೇ ಇದೆಯೇ ಎಂದು ಕೇಳಿದೆ. ಇಲ್ಲ, ಎರಡು ತಿಂಗಳಿಂದ ಎಂದಳು. ಸುತ್ತಲಿನ ಚರ್ಮ ಸುಣ್ಣ ಅರಿಶಿನ ಹಚ್ಚಿ ಹಚ್ಚಿ ಸುಟ್ಟು ಸುಲಿದುಹೋಗಿತ್ತು. ಪಕ್ಕದಲ್ಲಿ ನಿಂತಿದ್ದ ಅತ್ತೆ ಅದು ಹಾಲಿನ ಗಂಟು, ಬಸುರಾದ ಮೇಲೆ ಬಂತು, ನಮ್ಮ ಓಣಿಯಲ್ಲಿ ಇದಕ್ಕೆ ಎಲ್ಲರೂ ಸುಣ್ಣವನ್ನೇ ಹಚ್ಚುತ್ತಾರೆ ಎಂದು ವಿವರಿಸಿದಳು.

ಹಾಲಿನ ಗಂಟು ಬೆರಳಿನ ಕೆಳಗೆ ಜಾರುತ್ತದೆ, ಒತ್ತಿದರೆ ನೋಯುತ್ತದೆ. ಇದು ಜಾರಲಿಲ್ಲ, ನೋಯಲಿಲ್ಲ, ಹುಣಸೆಬೀಜದಷ್ಟು ಗಟ್ಟಿ. ಕಂಕುಳಿಗೆ ಕೈ ಹಾಕಿದೆ. ಅಲ್ಲೂ ಒಂದು ಸಿಕ್ಕಿತು. ಹುಬ್ಬಳ್ಳಿಯಲ್ಲಿ ಇಂಥ ಎಷ್ಟೋ ಗಂಟುಗಳನ್ನು ಮುಟ್ಟಿದ್ದೆ, ಆದರೆ ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡವಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಮುಖದಲ್ಲಿ ಏನನ್ನೂ ತೋರಿಸದೆ, ಸುಣ್ಣ ಹಚ್ಚುವುದನ್ನು ಇವತ್ತಿನಿಂದ ಬಿಡಬೇಕು ಎಂದು ಅತ್ತೆಗೆ ಗದರಿ, ಮೇಡಂ ಕೋಣೆಗೆ ಹೋದೆ. ಬಸುರಿನಲ್ಲಿ ಮೊಲೆ ಗಟ್ಟಿಯಾಗುವುದು ಸಹಜವಲ್ಲವೇ ಎಂದರು ಮೇಡಂ. ನೀವೇ ಬಂದು ಮುಟ್ಟಿ ನೋಡಿ ಎಂದೆ. ಮುಟ್ಟಿ ನೋಡಿದರು. ಆಮೇಲೆ ತಾವೇ ಹೋಗಿ ಸರ್ ಅವರನ್ನು ಕರೆತಂದರು.

ಸರ್ ಸೂಜಿ ಹಾಕಿ ಗಂಟಿನ ಸಣ್ಣ ಎಳೆ ತೆಗೆದರು. ಪರೀಕ್ಷೆಗೆ ಕಳಿಸುವ ಚೀಟಿಯ ಮೇಲೆ ‘ಗರ್ಭಿಣಿ’ ಎಂದು ಕೆಂಪು ಮಸಿಯಲ್ಲಿ ನಾನೇ ಬರೆದೆ. ಬಸುರಿಯ ಮೊಲೆಯ ಕೋಶಗಳು ಹೇಗೂ ಜೋರಾಗಿ ಬೆಳೆಯುತ್ತಿರುತ್ತವೆ, ಗೊತ್ತಿಲ್ಲದೆ ನೋಡಿದವರಿಗೆ ಮೋಸವಾಗುತ್ತದೆ. ಗೊತ್ತಿದ್ದು ನೋಡಿದವರೂ ಕ್ಯಾನ್ಸರ್ ಎಂದೇ ಬರೆದು ಕಳಿಸಿದರು. ಎದೆಯ ಎಕ್ಸ್-ರೇ ತೆಗೆಯುವಾಗ ಸೀಸದ ಏಪ್ರನ್ ಹೊಟ್ಟೆಯ ಸುತ್ತ ಕಟ್ಟಿದೆವು. ಲಿವರ್ ನೋಡಲು ಸ್ಕ್ಯಾನಿಂಗ್ ಮಾತ್ರ. ಎಲುಬಿನ ಪರೀಕ್ಷೆ, ಸಿಟಿ, ಇವೆಲ್ಲ ಕೂಸು ಹುಟ್ಟುವ ತನಕ ಬೇಡ ಎಂದು ಬಿಟ್ಟೆವು. ಬೇರೆಲ್ಲೂ ಹಬ್ಬಿದಂತೆ ಕಾಣಲಿಲ್ಲ. ಅದೊಂದು ಸಮಾಧಾನ.

ಮನೆಯವರ ಪರಿಚಯದ ಒಬ್ಬ ಹಿರಿಯರು ಕೂಸು ತೆಗೆಸಿಬಿಡಿ, ಆಮೇಲೆ ರೋಗ ನೋಡಿದರಾಯಿತು ಎಂದಿದ್ದರಂತೆ. ಗಂಡ ಅಳುಮುಖ ಮಾಡಿಕೊಂಡು ಬಂದು ಕೂತಿದ್ದ. ಸರ್ ಆತನನ್ನೂ ಆಕೆಯನ್ನೂ ಹುಬ್ಬಳ್ಳಿಯ ಕ್ಯಾನ್ಸರ್ ಡಾಕ್ಟರ ಹತ್ತಿರ ಕಳಿಸಿದರು, ಜೊತೆಗೆ ನನ್ನನ್ನೂ ಕಳಿಸಿದರು. ಆ ಡಾಕ್ಟರು ಸಾವಕಾಶ ಹೇಳಿದರು: ಕೂಸು ತೆಗೆದರೆ ರೋಗ ಕಡಿಮೆಯಾಗುವುದಿಲ್ಲ. ಮೊದಲ ಮೂರು ತಿಂಗಳು ದಾಟಿದೆ, ಕೂಸಿನ ಅಂಗಾಂಗ ಮೂಡಿ ಆಗಿದೆ. ಈಗ ಆಪರೇಷನ್ ಮಾಡಬಹುದು, ಅದಾದ ಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ನರಕ್ಕೆ ಕೆಂಪು ಔಷಧ, ಅಂದರೆ ಕೀಮೋ, ಕೊಡಬಹುದು. ಕರೆಂಟು ಕೊಡುವುದು, ಅಂದರೆ ರೇಡಿಯೇಷನ್, ಹೆರಿಗೆಯಾಗುವ ತನಕ ಸುತರಾಂ ಇಲ್ಲ. ಮೊಲೆ ಉಳಿಸಿದರೆ ಬೇಗ ಕರೆಂಟು ಕೊಡಲೇಬೇಕಾಗುತ್ತದೆ, ಆದ್ದರಿಂದ ಈಕೆಯ ಪಾಲಿಗೆ ಪೂರ್ತಿ ತೆಗೆಯುವುದೇ ದಾರಿ. ನಿಮಗೆ ಏನನ್ನಿಸುತ್ತದೆ ಎಂದು ಅವರು ಕೇಳಿದ್ದು ಗಂಡನನ್ನಲ್ಲ, ಆಕೆಯನ್ನು.

ತಲೆ ತಗ್ಗಿಸಿ ಕೂತಿದ್ದ ಆಕೆ ತಲೆ ಎತ್ತಿದಳು. “ಕೂಸು ಬೇಕ್ರೀ. ಅದನ್ನ ಸಾಲಿಗೆ ಕಳಸೂದು ನಾನೂ ನೋಡಬೇಕ್ರೀ. ಎರಡೂ ಆಗೂ ಹಂಗ ಮಾಡ್ರಿ.”

ಎರಡೂ ಆಗುವ ಹಾಗೆ ಮಾಡುವುದೇ ನಮ್ಮ ಕೆಲಸವಾಯಿತು. ಪ್ರತಿ ಸಲವೂ ಹುಬ್ಬಳ್ಳಿಗೆ ಓಡಾಡುವುದು ಆಗದ ಮಾತು. ಆಪರೇಷನ್ನೂ ಔಷಧವೂ ಗದಗಿನಲ್ಲೇ, ಹುಬ್ಬಳ್ಳಿಯ ಡಾಕ್ಟರು ಫೋನಿನಲ್ಲಿ ಹೇಳಿದಂತೆ ಎಂದು ಠರಾಯಿತು. ನೀನು ಔಷಧ ಕೊಡಬಲ್ಲೆಯಾ ಎಂದು ಸರ್ ಕೇಳಿದರು. ಊರಿನಲ್ಲಿ ಆಗ ಆ ಕೆಂಪು ಔಷಧವನ್ನು ಕೈಯಾರೆ ಕಲಸಿ ಕೊಟ್ಟವರು ನನಗೆ ಗೊತ್ತಿದ್ದಂತೆ ಬೇರೆ ಯಾರೂ ಇರಲಿಲ್ಲ. ನಾನಲ್ಲದೆ ಮತ್ಯಾರು ಕೊಡುತ್ತಾರೆ ಸರ್ ಎಂದೆ. ಹೇಳಿದ್ದು ಧಿಮಾಕಿನಿಂದಲೇ, ಆದರೆ ಅವತ್ತು ಊಟ ಸೇರಲಿಲ್ಲ.

ಆಪರೇಷನ್ ಹದಿನೆಂಟನೆಯ ವಾರದಲ್ಲಾಯಿತು. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳಬಾರದೆಂದು ಬಲಸೊಂಟದ ಕೆಳಗೆ ದಿಂಬು ಕೊಟ್ಟು ಮೈಯನ್ನು ಎಡಕ್ಕೆ ವಾಲಿಸಿದೆವು. ಅರಿವಳಿಕೆ ಕೊಡುವ ಮೊದಲು ಕೂಸಿನ ಎದೆಬಡಿತ ಕೇಳಿದೆ, ಮುಗಿದ ಮೇಲೆ ಮತ್ತೆ ಕೇಳಿದೆ. ಗಡಿಬಿಡಿಯಲ್ಲಿ ಓಡುವವರ ಹೆಜ್ಜೆಯಂತೆ ಟಪಟಪ ಬರುತ್ತಲೇ ಇತ್ತು. ಕಂಕುಳಿನಿಂದ ತೆಗೆದ ಗಂಟುಗಳಲ್ಲಿ ಮೂರಕ್ಕೆ ರೋಗ ತಗುಲಿತ್ತು. ಅಂದರೆ ಔಷಧ ಬೇಕೇ ಬೇಕು, ಹೇಳಿದ ದಿನಕ್ಕೇ ಬೇಕು.

ಮೊದಲ ಔಷಧ ಇಪ್ಪತ್ತೆರಡನೆಯ ವಾರಕ್ಕೆ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಎರಡು ಜೊತೆ ಗ್ಲೌಸು ಹಾಕಿ ಔಷಧ ಕಲಸಿದೆ. ಎಡಗೈಗೆ ಸೂಜಿಯೂ ಇಲ್ಲ, ಬಿಪಿ ಪಟ್ಟಿಯೂ ಇಲ್ಲ. ಆ ಬದಿಯ ಕಂಕುಳು ಖಾಲಿಯಾಗಿತ್ತು, ಅಂಥ ಕೈ ಬೇಗ ಬಾತುಕೊಳ್ಳುತ್ತದೆ. ಬಲಗೈಯಲ್ಲಿ ಒಳ್ಳೆಯ ನರ ಹುಡುಕಿ, ಮೊದಲು ಬರೀ ಸಲೈನು ಬಿಟ್ಟು, ರಕ್ತ ಹಿಂದಕ್ಕೆ ಸರಿಯಾಗಿ ಬರುತ್ತದೋ ನೋಡಿ, ಆಮೇಲೆ ಹರಿಯುತ್ತಿರುವ ಸಲೈನಿನ ಜೊತೆಗೇ ಕೆಂಪು ಔಷಧವನ್ನು ನಿಧಾನವಾಗಿ ಒತ್ತಬೇಕು. ನರದಿಂದ ಆಚೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಅದು ಮುಗಿಯುವ ತನಕ ಯಾರು ಕರೆದರೂ ನಾನು ಏಳುತ್ತಿರಲಿಲ್ಲ. ಉರಿಯುತ್ತದೆಯೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದೆ. ನೂರು ಸಲ ಕೇಳೀರಿ ಸಿಸ್ಟರ್ ಎಂದು ಆಕೆ ನಕ್ಕಳು. ಮೂತ್ರ ಒಂದು ದಿನ ಕೆಂಪಗಿರುತ್ತದೆ, ಹೆದರಬೇಡ, ಮೈ ಬಿಸಿಯಾದರೆ ಮಾತ್ರ ಕೂಡಲೇ ಬರಬೇಕು ಎಂದು ಹೇಳಿ ಕಳಿಸಿದೆ. ಎರಡನೆಯ ಔಷಧಕ್ಕೆ ಬರುವಷ್ಟರಲ್ಲಿ ಕೂದಲು ಪೂರ್ತಿ ಹೋಗಿತ್ತು. ನಮ್ಮ ಕಡೆ ಹೆಂಗಸರು ಹೇಗೂ ತಲೆ ಮೇಲೆ ಸೆರಗು ಹೊದೆಯುವವರು, ಹೊರಗಿನ ಯಾರಿಗೂ ಗೊತ್ತಾಗಲಿಲ್ಲ.

ಅವತ್ತೇ ಆಕೆ ನನ್ನ ಕೈ ಹಿಡಿದು ಒಂದು ಮಾತು ಕೇಳಿದ್ದು. “ಸಿಸ್ಟರ್, ನಮ್ಮವ್ವಗ ಮಾತ್ರ ತಿಳಿಸಬ್ಯಾಡ್ರಿ. ಆಕಿ ಸೂಲಗಿತ್ತಿ ಅದಾಳ್ರಿ. ಊರ ಕೂಸೆಲ್ಲಾ ಆಕಿ ಕೈಯಾಗ ಹುಟ್ಟ್ಯಾವು. ತನ್ನ ಮಗಳಿಗೇ ಹಿಂಗಾತು ಅಂದ್ರ ಉಣ್ಣೂದ ಬಿಡ್ತಾಳ.” ಅತ್ತೆಗೂ ಅದೇ ಬೇಕಾಗಿತ್ತು, ಬೀಗರು ನಮ್ಮನ್ನೇ ದೂರುತ್ತಾರೆ ಎಂಬ ಅಂಜಿಕೆ. ಆಯಿತು ಎಂದೆ. ರೋಗಿಯ ಮಾತು ರೋಗಿಯದು, ಅದನ್ನು ಬಿಟ್ಟುಕೊಡುವುದು ನನ್ನ ಕೆಲಸವಲ್ಲ. ಮುಂದಿನ ತಿಂಗಳು ಕುಬಸ ಎಂದಳು. ಏಳನೆಯ ತಿಂಗಳಿಗೆ ತವರಿನವರು ಹಸಿರು ಸೀರೆ, ಬಳೆ, ಕುಬಸವೆಂಬ ರವಿಕೆ ತಂದು ಉಡಿ ತುಂಬುವ ಶಾಸ್ತ್ರ. ಹಾಕಿಕೊಂಡಾಗ ಎಡಗಡೆ ಖಾಲಿ ಕಾಣಬಾರದಲ್ಲ ಎಂದು ಆಕೆಗೆ ಅದೊಂದೇ ಚಿಂತೆ. ಬೆಟಗೇರಿಯಲ್ಲಿ ನಮ್ಮ ಅಮ್ಮಿ ಹೊಲಿಗೆ ಮಾಡುವವಳು. ಆಕೆಗೆ ಅಳತೆ ಹೇಳಿದೆ. ಮೆತ್ತನೆ ಬಟ್ಟೆಯ ದುಂಡು ಚೀಲ ಹೊಲಿದು, ಒಳಗೆ ಹತ್ತಿ ಇಟ್ಟು, ಬರೀ ಹತ್ತಿಯಾದರೆ ಮೇಲಕ್ಕೆ ಏರುತ್ತದೆ, ತೂಕ ಬೇಕು ಎಂದು ಹಿಡಿಯಷ್ಟು ನವಣೆ ತುಂಬಿಕೊಟ್ಟಳು. ಅದನ್ನು ಕೈಗೆ ಕೊಟ್ಟಾಗ ಆ ಬಸುರಿಗೆ ಆದ ಖುಷಿ ನನಗೂ ಆಯಿತು.

ಇಷ್ಟೆಲ್ಲ ಯೋಚಿಸಿದ ನಮ್ಮಿಬ್ಬರಲ್ಲಿ ಒಬ್ಬರಿಗೂ ಮುಂದಿನದು ಹೊಳೆಯಲಿಲ್ಲ. ಕುಬಸ ಮಾಡಿದ ಮೇಲೆ ಚೊಚ್ಚಲ ಬಸುರಿ ಎಲ್ಲಿಗೆ ಹೋಗುತ್ತಾಳೆ? ತವರಿಗೆ. ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಔಷಧದ ಲೆಕ್ಕ, ವಾರದ ಲೆಕ್ಕ ಇಟ್ಟುಕೊಂಡು ಕೂತವಳಿಗೆ ಕಣ್ಣೆದುರಿನ ಪದ್ಧತಿಯೇ ಮರೆತುಹೋಯಿತು.

ಮೂರನೆಯ ಔಷಧ ಇಪ್ಪತ್ತೆಂಟನೆಯ ವಾರಕ್ಕೆ ಗೊತ್ತಾಗಿತ್ತು. ಆ ದಿನ ಬೆಳಗ್ಗೆ ಎಲ್ಲ ಅಣಿ ಮಾಡಿಟ್ಟುಕೊಂಡು ಕಾದೆ. ಬರಲಿಲ್ಲ. ಮರುದಿನವೂ ಬರಲಿಲ್ಲ. ಕೇಸ್ ಶೀಟಿನಲ್ಲಿದ್ದ ಶಿಗ್ಲಿಯ ವಿಳಾಸಕ್ಕೆ ಕಾರ್ಡು ಹಾಕಿ, ಉತ್ತರಕ್ಕೆ ಕಾಯುತ್ತ ಕೂತೆ. ಐದಾರು ದಿನ ಹೋಯಿತು. ಸರ್ ದಿನಾ ಕೇಳುವುದು, ನಾನು ಕಾರ್ಡು ಹಾಕಿದ್ದೇನೆ ಅನ್ನುವುದು. ಕೊನೆಗೆ ಅವರ ಓಣಿಯ ಎಸ್‌ಟಿಡಿ ಅಂಗಡಿಯ ನಂಬರು ಹೇಗೋ ಹುಡುಕಿ ಫೋನು ಮಾಡಿ, ಗಂಡನನ್ನು ಕರೆಸಿದೆ. ಆತ ಮುಜುಗರದಿಂದ ಹೇಳಿದ. ಕುಬಸ ಆದ ಕೂಡಲೇ ತವರಿನವರು ಕರೆದೊಯ್ದರು, ಕಾರಣ ಹೇಳದೆ ಬೇಡ ಅನ್ನುವುದು ಹೇಗೆ? ಔಷಧದ ದಿನಕ್ಕೆ ಏನಾದರೂ ನೆವ ಹೇಳಿ ಬರುತ್ತೇನೆ ಎಂದು ಆಕೆ ಮಾತು ಕೊಟ್ಟು ಹೋಗಿದ್ದಳು. ಅಲ್ಲಿಗೆ ಹೋದ ಮೂರನೆಯ ದಿನ ತಾಯಿ ಮಗಳ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಲು ಕೂಡಿಸಿದಳು. ಸೆರಗು ಸರಿಸಿದರೆ ಕೂದಲಿಲ್ಲ, ಕುಬಸ ಬಿಚ್ಚಿದರೆ ಎಡ ಮೊಲೆ ಇಲ್ಲ. ಕರೆಯಲು ಹೋದ ಅಳಿಯನನ್ನು ಆಕೆ ಹೊಸ್ತಿಲೊಳಗೇ ಬಿಟ್ಟಿರಲಿಲ್ಲ. “ನನ್ನ ಮಗಳನ್ನ ಅರ್ಧಾ ಮಾಡಿ ಕಳಿಸೀರಿ, ಉಳಿದರ್ಧಾ ಕೊಡಾಂಗಿಲ್ಲ” ಎಂದು ಕಳಿಸಿದ್ದಳು. ಆತ ನಾಚಿಕೆಗೆ ನಮಗೆ ತಿಳಿಸಲಿಲ್ಲ, ಬಂದ ಕಾರ್ಡಿಗೂ ಉತ್ತರ ಬರೆಯಲಿಲ್ಲ. ಊರು ಯಾವುದು ಎಂದು ನಾನು ಆಗ ಕೇಳಿದೆ. ಮುಂಡರಗಿ ತಾಲೂಕಿನ ಒಂದು ಹಳ್ಳಿ.

ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಮಾಡಿದಾಗ ಅವರು ಲೆಕ್ಕ ಬಿಡಿಸಿ ಹೇಳಿದರು. ಮೂವತ್ತನಾಲ್ಕು ವಾರ ದಾಟಿದ ಮೇಲೆ ಔಷಧ ಕೊಡುವ ಹಾಗಿಲ್ಲ; ಔಷಧಕ್ಕೂ ಹೆರಿಗೆಗೂ ನಡುವೆ ಮೂರು ವಾರವಾದರೂ ಬೇಕು, ಇಲ್ಲವಾದರೆ ರಕ್ತದ ಕಣ ಕಡಿಮೆಯಿರುವಾಗಲೇ ಹೆರಿಗೆಯಾಗಿ ತಾಯಿಗೂ ಕೂಸಿಗೂ ನಂಜಾಗುವ ಭಯ. ಈಗ ಬಾರದಿದ್ದರೆ ಹೆರಿಗೆಗೆ ಮುಂಚಿನ ಮೂರನೆಯ, ನಾಲ್ಕನೆಯ ಎರಡೂ ಔಷಧ ತಪ್ಪುತ್ತವೆ, ಹೆರಿಗೆಯ ತನಕ ರೋಗ ಸುಮ್ಮನಿರುವುದಿಲ್ಲ. ನಾನು ಹೋಗಿ ಕರೆತರುತ್ತೇನೆ ಎಂದೆ. ರೋಗಿಯ ಮನೆ ಬಾಗಿಲಿಗೆ ನಾವು ಹೋಗುವುದಿಲ್ಲ, ಬಂದವರನ್ನು ನೋಡುತ್ತೇವೆ ಅಷ್ಟೇ ಎಂದರು ಸರ್. ನನಗೆ ಸಿಟ್ಟು ಬಂತು. ಊರು ಕೇಳದೆ ಬಿಟ್ಟವಳು ನಾನು, ನನ್ನ ತಪ್ಪಿಗೆ ನಾನು ಹೋಗುತ್ತೇನೆ, ಬೇಕಾದರೆ ರಜೆ ಬರೆದುಕೊಳ್ಳಿ ಎಂದೆ. ಮೇಡಂ ತಮ್ಮ ಚೀಲದಿಂದ ಎದೆಬಡಿತ ಕೇಳುವ ಮರದ ಕೊಳವೆ ತೆಗೆದು ನನ್ನ ಕೈಗಿಟ್ಟರು.

ಮುಂಡರಗಿಗೆ ಬಸ್ಸು, ಅಲ್ಲಿಂದ ಟಂಟಂ ರಿಕ್ಷಾ. ಕಪ್ಪತಗುಡ್ಡ ಒಂದು ಕಡೆ, ಎರೆ ಹೊಲ ಇನ್ನೊಂದು ಕಡೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಂಡು ಹೋದೆ. ಸೂಲಗಿತ್ತಿಯ ಮನೆ ಎಂದರೆ ಸಾಕು, ಕೂತವರೆಲ್ಲ ಕೈ ತೋರಿಸಿದರು. ಎತ್ತರದ ಗಟ್ಟಿ ಹೆಂಗಸು, ಬಿಳಿ ಕೂದಲು, ಅಗಲ ಅಂಗೈ. ನನ್ನ ಬಿಳಿ ಸೀರೆ ನೋಡಿದ ಕೂಡಲೇ ಯಾರೆಂದು ತಿಳಿಯಿತು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕಟ್ಟೆಯ ಮೇಲೆ ನಾನೇ ಕೂತೆ. ಒಳಗಿನಿಂದ ಮಗಳು ಬಂದು ಬಾಗಿಲಲ್ಲಿ ನಿಂತಳು.

ತಾಯಿಯೇ ಮೊದಲು ಮಾತಾಡಿದಳು. “ಬಸುರಿ ಹೆಂಗಸಿಗೆ ನಾ ಪಪ್ಪಾಯಿ ಹಣ್ಣ ಮುಟ್ಟಗೊಡಂಗಿಲ್ಲ. ನೀವು ರಕ್ತದಂಥಾ ಔಷಧ ನರದಾಗ ಬಿಟ್ಟೀರಿ. ಹಾಲಿನ ಗಂಟಿಗೆ ಮೊಲಿ ಕೊಯ್ದೀರಿ. ಈಗ ಕೂಸಿನ ಮ್ಯಾಲೆ ಬಂದೀರೇನು?”

ಆಗ ನನಗೆ ಹೊಳೆಯಿತು. ಈಕೆಗೆ ನಾವು ಒಂದು ಮಾತನ್ನೂ ಹೇಳಿಲ್ಲ. ಊರಿನ ಬಸುರಿಯರನ್ನೆಲ್ಲ ನೋಡಿಕೊಂಡವಳಿಗೆ ಸ್ವಂತ ಮಗಳ ಬಸುರಿನ ಸುದ್ದಿಯನ್ನು ಮುಚ್ಚಿಟ್ಟಿದ್ದೇವೆ. ಬಾಗಿಲಲ್ಲಿದ್ದ ಮಗಳ ಕಡೆ ನೋಡಿ, ಹೇಳಲೇ ಎಂದು ಕಣ್ಣಿನಲ್ಲೇ ಕೇಳಿದೆ. ಆಕೆ ಹೂಂ ಎಂದು ತಲೆಯಾಡಿಸಿದಳು. ಆದರೂ ನಾನು ರೋಗದಿಂದ ಶುರು ಮಾಡಲಿಲ್ಲ. ಚೀಲದಲ್ಲಿದ್ದ ಕೊಳವೆಯನ್ನೂ ತೆಗೆಯಲಿಲ್ಲ. ನನ್ನ ಕಿವಿಗಿಂತ ಆ ತಾಯಿಯ ಕೈ ಹಳೆಯದು.

“ಅವ್ವಾ, ನಾ ಹೇಳೂದು ಇರ್ಲಿ. ನಿಮ್ಮ ಕೈ ಏನ್ ಹೇಳತೈತಿ ನೋಡ್ರಿ. ಈ ಕೂಸು ಎಷ್ಟ ತಿಂಗಳದ್ದೈತಿ?”

ತಾಯಿ ಮಗಳನ್ನು ಒಳಗೆ ಚಾಪೆಯ ಮೇಲೆ ಮಲಗಿಸಿ, ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟಳು. ಅವಸರವಿಲ್ಲದೆ ಮೇಲಿನಿಂದ ಕೆಳಗೆ, ಆ ಬದಿಯಿಂದ ಈ ಬದಿಗೆ ನೋಡಿದಳು. ನಾನು ನರ್ಸಿಂಗ್ ಶಾಲೆಯಲ್ಲಿ ಕಲಿತದ್ದೇ, ಆದರೆ ನನಗಿಂತ ಚೆನ್ನಾಗಿ. ಕೂಸು ಒದ್ದಿರಬೇಕು, ಆಕೆಯ ತುಟಿ ಸ್ವಲ್ಪ ಸಡಿಲಾಯಿತು.

“ಏಳು ನಡದೈತಿ. ತಲಿ ಇನ್ನಾ ಮ್ಯಾಲೈತಿ, ತಿರಗತೈತಿ. ಬೆಳವಣಗಿ ಚಲೋ ಐತಿ.”

“ಆ ಔಷಧ ಮೊದಲ ಸಲ ಹೋಗಿ ಏಳು ವಾರ ಆತು. ಎರಡ ಸಲ ಹೋಗೇತಿ. ಕೂಸು ಎಲ್ಲ್ಯಾರ ಕಮ್ಮಿ ಬೆಳದೈತೇನು?”

ಆಕೆಯ ಕೈ ಹೊಟ್ಟೆಯ ಮೇಲೆಯೇ ಇತ್ತು. ಆಗ ನಾನು ಪಕ್ಕದಲ್ಲಿ ಕೂತು, ಮೊದಲಿನಿಂದ ಎಲ್ಲ ಹೇಳಿದೆ. ಗಂಟು ಹಾಲಿನದಲ್ಲ, ಕ್ಯಾನ್ಸರ್. ಕಂಕುಳಿನಲ್ಲಿ ಮೂರು ಗಂಟಿಗೆ ಹಬ್ಬಿತ್ತು. ಕೂಸಿನ ಅಂಗಾಂಗ ಮೂಡುವ ತನಕ ನಾವು ಔಷಧ ಮುಟ್ಟಲಿಲ್ಲ, ಹೆರಿಗೆಗೆ ಮೂರು ವಾರ ಇರುವಾಗ ನಿಲ್ಲಿಸುತ್ತೇವೆ. ಒಂದನ್ನೂ ಸಿಹಿ ಮಾಡಿ ಹೇಳಲಿಲ್ಲ. ಕೊನೆಗೆ ಹೇಳಿದೆ, “ಕೂಸು ಹೆಂಗೂ ಬರತೈತ್ರಿ ಅವ್ವಾ. ಅದು ಬಂದಾಗ ಅದರವ್ವ ಇರಬೇಕಲ್ಲ.”

ಮಗಳು ಅಳುತ್ತಿದ್ದಳು. ತಾಯಿ ಅಳಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಮಗಳನ್ನು ಒಂದೇ ಒಂದು ಸಲ ಕೇಳಿದಳು, ಉತ್ತರಕ್ಕೆ ಕಾಯದೆ ಎದ್ದು ನೀರು ತಂದು ನನ್ನ ಮುಂದಿಟ್ಟಳು. ಆಮೇಲೆ, “ಗದಗಿಗೆ ಬಸ್ಸು ಎಷ್ಟಕ್ಕೈತಿ?” ಎಂದಳು.

ಬರುವಾಗ ಬಸ್ಸಿನಲ್ಲಿ ತನ್ನ ಷರತ್ತು ಹೇಳಿದಳು: ಔಷಧ ಹೋಗುವಾಗ ಪಕ್ಕದಲ್ಲಿ ತಾನಿರಬೇಕು. ಹಾಗೇ ಆಯಿತು. ಮೂರನೆಯ ಔಷಧದ ಹೊತ್ತಿಗೆ ನಾನು ನರದ ಮೇಲೆ ಕಣ್ಣಿಟ್ಟು ಕೂತಿದ್ದೆ, ಆಕೆ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು. ಕೂಸು ಹೊರಳಿದಾಗಲೆಲ್ಲ ಹೊರಳಿತು ಎಂದು ನನಗೆ ವರದಿ. ಸರ್ ಬಾಗಿಲಿನಿಂದ ಇಣುಕಿ ನೋಡಿ ಹೋದರು. ಇಬ್ಬರು ಸಿಸ್ಟರ್ ಆದಿರಿ ಈಗ ಎಂದು ಆಮೇಲೆ ಚೇಷ್ಟೆ ಮಾಡಿದರು.

ಅಲ್ಲಿಗೆ ಎಲ್ಲ ಸುಸೂತ್ರವಾಗಲಿಲ್ಲ. ಔಷಧ ಹೋದ ಹತ್ತನೆಯ ದಿನ ಬೆಳಗ್ಗೆ ತಾಯಿ ಮಗಳನ್ನು ತಮ್ಮ ಹಳ್ಳಿಯಿಂದ ಹಾಲಿನ ಗಾಡಿಯಲ್ಲಿ ಕೂಡಿಸಿಕೊಂಡು ಬಂದಿಳಿದಳು. ಬಿಸಿಯಾದರೆ ಬಾ ಅಂದಿದ್ದಿರಿ, ಬಿಸಿಯಾಗಿದೆ, ಬಂದಿದ್ದೇವೆ ಎಂದಳು. ಥರ್ಮಾಮೀಟರ್ ಇಲ್ಲದೆ ಬರೀ ಅಂಗೈಯಿಂದ ಕಂಡುಕೊಂಡಿದ್ದಳು. ರಕ್ತ ಪರೀಕ್ಷೆ ಮಾಡಿದರೆ ಬಿಳಿಯ ಕಣಗಳು ಪೂರ್ತಿ ಇಳಿದಿದ್ದವು. ಅರ್ಧ ದಿನ ತಡವಾಗಿದ್ದರೂ ನಂಜು ಮೈಗೆ ಹರಡುತ್ತಿತ್ತು. ಬಸುರಿಗೆ ಕೊಡಬಹುದಾದ ಔಷಧವನ್ನೇ ಆರಿಸಿ ಮೇಡಂ ಇಂಜೆಕ್ಷನ್ ಶುರು ಮಾಡಿದರು. ಬೇರೆ ಕೋಣೆಯಲ್ಲಿಟ್ಟು, ಒಳಗೆ ಹೋಗುವವರೆಲ್ಲ ಕೈ ತೊಳೆಯಬೇಕೆಂದು ನಾನು ಬಾಗಿಲಲ್ಲಿ ಸೋಪಿಟ್ಟೆ. ತಾಯಿ ಅದನ್ನು ನನಗಿಂತ ಜೋರಾಗಿ ಪಾಲಿಸಿದಳು. ಶಿಗ್ಲಿಯಿಂದ ಬಂದ ಬೀಗತಿಯನ್ನು ಎರಡು ಸಲ ಕೈ ತೊಳೆಸಿ ಒಳಗೆ ಬಿಟ್ಟಳಂತೆ. ಆ ಹೊತ್ತಿನಲ್ಲಿ ಇಬ್ಬರು ಬೀಗತಿಯರ ನಡುವೆ ಏನು ಮಾತಾಯಿತೋ ಗೊತ್ತಿಲ್ಲ, ಸಂಜೆ ಒಂದೇ ಬುತ್ತಿಯಲ್ಲಿ ರೊಟ್ಟಿ ತಿನ್ನುತ್ತಿದ್ದರು. ಐದನೆಯ ದಿನ ಜ್ವರ ಬಿಟ್ಟಿತು.

ಅದರಿಂದ ನಾಲ್ಕನೆಯ ಔಷಧ ಮೂವತ್ತಮೂರನೆಯ ವಾರಕ್ಕೆ ಹೋಯಿತು. ಗಡಿಗೆ ಒಂದೇ ವಾರ. ಕೊಡೋಣವೇ ಬಿಡೋಣವೇ ಎಂದು ಹುಬ್ಬಳ್ಳಿಗೂ ಗದಗಿಗೂ ನಡುವೆ ಫೋನು ಓಡಾಡಿತು. ರಕ್ತದ ಕಣ ಏರಿದ್ದವು, ಸ್ಕ್ಯಾನಿನಲ್ಲಿ ಕೂಸು ಚೆನ್ನಾಗಿತ್ತು. ಕೊಟ್ಟೆವು. ಆಮೇಲಿನ ನಾಲ್ಕು ವಾರ ಆಕೆಗೆ ಬೇಗ ನೋವು ಬಾರದಿರಲಿ ಎಂದು ನಾನು ಮಾಡಿದಷ್ಟು ದುವಾ ನನ್ನ ಪರೀಕ್ಷೆಗೂ ಮಾಡಿರಲಿಲ್ಲ.

ಮೂವತ್ತೇಳು ವಾರ ತುಂಬಿದ ಮೇಲೆ ಮೇಡಂ ನೋವು ಬರಿಸಿದರು. ಹೆರಿಗೆ ಮನೆಯಲ್ಲೇ ಆಗಲಿ, ತನ್ನ ಕೈಯಲ್ಲೇ ಆಗಲಿ ಎಂಬ ಆಸೆ ತಾಯಿಗೆ ಇತ್ತು. ಒಂದೇ ಸಲ ಕೇಳಿ, ನಾನು ಬೇಡ ಎಂದಾಗ ಸುಮ್ಮನಾಗಿದ್ದಳು. ಹೆರಿಗೆ ಕೋಣೆಗೆ ಮಾತ್ರ ನಮ್ಮ ಜೊತೆ ಬಂದಳು. ಮಧ್ಯಾಹ್ನ ಕೂಸಿನ ತಲೆ ಕಾಣಿಸಿಕೊಂಡಾಗ ಮೇಡಂ ನನ್ನ ಕಡೆ ತಿರುಗಿ, ಅವರಿಗೂ ಗ್ಲೌಸು ಹಾಕಿಸಿ ಎಂದರು. ತಮ್ಮ ಹೆರಿಗೆ ಕೋಣೆಯಲ್ಲಿ ಹೊಸ ಡಾಕ್ಟರನ್ನೂ ಸುಲಭಕ್ಕೆ ಮುಂದೆ ಬಿಡದವರು ಮೇಡಂ. ಆ ಅಗಲ ಅಂಗೈಗೆ ನಮ್ಮಲ್ಲಿದ್ದ ದೊಡ್ಡ ಗ್ಲೌಸೂ ಬಿಗಿಯಾಯಿತು. ಮೇಡಂ ತಲೆ ಬಿಡಿಸಿದರು, ಭುಜ ಬಿಡಿಸಿದರು, ಜಾರಿ ಬಂದ ಕೂಸನ್ನು ಅಜ್ಜಿಯೇ ಹಿಡಿದಳು.

ಹೆಣ್ಣು. ಹುಟ್ಟಿದ ಕೂಡಲೇ ಅತ್ತಿತು. ತಲೆ ತುಂಬ ಕಪ್ಪು ಕೂದಲು. ತಾಯಿಯ ತಲೆಯಲ್ಲಿ ಒಂದು ಎಳೆ ಇಲ್ಲ, ಮಗಳದು ಕಿವಿ ಮುಚ್ಚುವಷ್ಟು. ಕೈಕಾಲು, ಬೆರಳು, ಬೆನ್ನು, ಅಂಗುಳು ಎಲ್ಲ ನೋಡಿದೆ, ಎದೆಬಡಿತ ಕೇಳಿದೆ. ಏನೂ ಕೊರತೆಯಿರಲಿಲ್ಲ. ಕೇಸ್ ಶೀಟಿನಲ್ಲಿ ‘ಆರೋಗ್ಯವಂತ ಕೂಸು’ ಎಂದು ಬರೆದೆ. ಇಡೀ ನೌಕರಿಯಲ್ಲಿ ನಾನು ಬರೆದ ಸಾಲುಗಳಲ್ಲಿ ನನಗೆ ಅತಿ ಹೆಮ್ಮೆಯ ಸಾಲು ಅದೇ.

ಒಂದು ಸಣ್ಣ ಜಗಳ ಉಳಿದಿತ್ತು. ಮಾಸನ್ನು ಪರೀಕ್ಷೆಗೆ ಕಳಿಸಬೇಕಿತ್ತು, ರೋಗ ಅಲ್ಲಿಗೆ ಏನಾದರೂ ಬಂದಿದೆಯೇ ನೋಡಲು. ಮಾಸನ್ನು ಮನೆಯ ಬಳಿ ಹೂಳದಿದ್ದರೆ ಕೂಸಿಗೆ ಕೇಡು ಎಂದು ಅಜ್ಜಿ ಹಟ ಹಿಡಿದಳು. ಪರೀಕ್ಷೆಗೆ ಬೇಕಾದಷ್ಟು ತುಂಡನ್ನು ಬಾಟಲಿಗೆ ಹಾಕಿ, ಉಳಿದದ್ದನ್ನು ಮಡಕೆಯಲ್ಲಿಟ್ಟು ಆಕೆಯ ಕೈಗೆ ಕೊಟ್ಟೆ. ಆಕೆ ಹೂಳಿ ಬಂದಳು, ಬಾಟಲಿಯ ವರದಿಯಲ್ಲಿ ರೋಗದ ಸುಳಿವಿರಲಿಲ್ಲ. ಇಬ್ಬರೂ ಗೆದ್ದೆವು.

ಹಾಲು ಕುಡಿಸುವ ಹಾಗಿರಲಿಲ್ಲ, ಉಳಿದ ಔಷಧಗಳು ಮುಂದೆ ಇದ್ದವು. ಹಾಲು ನಿಲ್ಲಲು ಗುಳಿಗೆ ಕೊಟ್ಟ ದಿನ ಆಕೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅಜ್ಜಿ ಬಟ್ಟಲು ಚಮಚ ಹಿಡಿದು ಕೂಸಿಗೆ ಹಾಲಿನಪುಡಿಯ ಹಾಲು ಹಾಕಿದಳು. ನಾವು ಉಳಿದ ಔಷಧ ಮುಗಿಸಿ, ಹುಬ್ಬಳ್ಳಿಗೆ ಕಳಿಸಿ ಕರೆಂಟು ಕೊಡಿಸಿ, ವರ್ಷಗಟ್ಟಲೆ ನುಂಗುವ ಗುಳಿಗೆ ಶುರು ಮಾಡಿದೆವು. ಕೂದಲು ಬಂದಾಗ ಗುಂಗುರಾಗಿ ಬಂತು.

ಹಳೆಯ ಹಾಳೆಗಳ ಕಟ್ಟು ಆ ವರ್ಷವೇ ಮುಗಿಯಿತು. ಹೊಸದನ್ನು ಅಚ್ಚು ಹಾಕಿಸುವಾಗ ಜಿಲ್ಲೆ ಗದಗ ಎಂದು ಬಂತು. ಅದರ ಕೆಳಗೆ ಇನ್ನೊಂದು ಸಾಲು ಬೇಕು ಎಂದೆ: ತವರೂರು, ಅಲ್ಲಿಯ ಫೋನು. ಸರ್ ಏನೂ ಕೇಳದೆ ಒಪ್ಪಿದರು. ಇವತ್ತಿಗೂ ಆ ಸಾಲು ಹಾಗೇ ಇದೆ.

ಐದಾರು ವರ್ಷದ ನಂತರ ಒಂದು ಸೋಮವಾರ ಆ ಅಜ್ಜಿ ಮೊದಲ ಬಸ್ಸಿಗೇ ಬಂದಿಳಿದಳು. ಮಗಳು ಹೇಗಿದ್ದಾಳೆ ಎಂದು ನಾನು ಗಾಬರಿಯಿಂದ ಕೇಳಿದೆ. ಆರಾಮಿದ್ದಾಳೆ, ಶಿಗ್ಲಿಯಲ್ಲಿ ಕೂಸಿಗೆ ಜಡೆ ಹಾಕಿ ದಿನಾ ಶಾಲೆಗೆ ಕಳಿಸುತ್ತಾಳೆ ಎಂದಳು. ಜೊತೆಗೆ ಕುಬಸ ಮುಗಿಸಿ ಅದೇ ಹಳ್ಳಿಯ ತವರಿಗೆ ಬಂದಿದ್ದ ಬಸುರಿಯೊಬ್ಬಳಿದ್ದಳು, ಹೆದರಿ ಬೆವತಿದ್ದಳು. ಹೊಟ್ಟೆ ನೋಡುವಾಗ ಈಗ ಎದೆಯನ್ನೂ ಮುಟ್ಟಿ ನೋಡುತ್ತೇನೆ, ಈಕೆಗೊಂದು ಗಂಟು ಸಿಕ್ಕಿತು, ಸುಣ್ಣ ಹಚ್ಚಗೊಡದೆ ಕರೆತಂದೆ ಎಂದು ಅಜ್ಜಿ ಹೇಳಿದಳು. ಆ ಗಂಟು ಖರೆ ಹಾಲಿನದೇ ಆಗಿತ್ತು, ಸರ್ ಸೂಜಿಯಲ್ಲಿ ತೆಗೆದ ಕೂಡಲೇ ಕರಗಿಹೋಯಿತು. ಆದರೆ ಅದು ಆಮೇಲಿನ ಮಾತು. ನಾನು ಇನ್ನೂ ಪೆನ್ನು ತೆಗೆದು ಹೊಸ ಹಾಳೆ ಬಿಡಿಸುತ್ತಿದ್ದೆ, ಅಜ್ಜಿ ಮೇಜಿನ ಮೇಲೆ ಆ ಅಗಲ ಅಂಗೈ ಇಟ್ಟಳು.

“ಮೊದಲ ಎರಡೂ ಊರಿನ ಹೆಸರ ಬರಕೋರಿ ಸಿಸ್ಟರ್. ಆಮ್ಯಾಲ ಗಂಟ ನೋಡ್ರಿ.”